ಮೇಷ್ಟ್ರಿಗೆ ಪದ ಸಿಗುತ್ತಿಲ್ಲ, ಸಭೆಗೆ ಕರೆದೊಯ್ಯಲೇ?

ಪ್ರಶ್ನೆ: ನನ್ನ ತಂದೆಗೆ 76 ವರ್ಷ. ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಮದುವೆಯ ಕರೆಯೋಲೆಯಲ್ಲಿ ಮಹಾಪ್ರಾಣ ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ, ಕೊಟ್ಟವರ ಕೈಗೇ ಹಿಂದಿರುಗಿಸುತ್ತಿದ್ದರು. ಒಂದೂವರೆ ವರ್ಷದಿಂದ ಅವರಿಗೆ ಪದಗಳು ಸಿಗುತ್ತಿಲ್ಲ. ಸಟ್ಟುಗಕ್ಕೆ ‘ಅನ್ನದ ಕೈ’ ಎನ್ನುತ್ತಾರೆ. ಬೆಂಡೆಕಾಯಿ ತೋರಿಸಿ ಹುರುಳಿಕಾಯಿ ಎನ್ನುತ್ತಾರೆ. ಕುಕ್ಕರನ್ನು ‘ಕೊಪ್ಪರಿಗೆ’ ಎಂದಾಗ ನನ್ನ ಮಗ ಬಿದ್ದು ಬಿದ್ದು ನಕ್ಕ. ‘ಅದನ್ನು ಅದರೊಳಗೆ ಇಟ್ಟು ಬಾ’ ಎಂದವರನ್ನು ‘ಯಾವುದನ್ನು?’ ಎಂದು ಕೇಳಿದರೆ ಸಿಟ್ಟಾಗುತ್ತಾರೆ. ನಾಲ್ಕು ತಿಂಗಳ ಹಿಂದೆ ಮೈಸೂರಿನ ನರರೋಗ ತಜ್ಞರು ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ಮಾಡಿಸಿ ಅಲ್ಝೈಮರ್ ಕಾಯಿಲೆಯ ಆರಂಭ ಎಂದರು. ಯಾರಿಗೂ ಹೇಳಕೂಡದೆಂದು ಅಮ್ಮ ಆಣೆ ಹಾಕಿಸಿಕೊಂಡಿದ್ದಾರೆ. ಅಣ್ಣ ದಿನಾ ಬೆಳಗ್ಗೆ ಪತ್ರಿಕೆ ಹಿಡಿದು ‘ಮುಖ್ಯಮಂತ್ರಿ ಯಾರು? ಇವತ್ತು ಯಾವ ವಾರ?’ ಎಂದು ಕೇಳುತ್ತಾನೆ; ಮೆದುಳಿಗೆ ಕಸರತ್ತಂತೆ. ಮುಂದಿನ ತಿಂಗಳು 1988–89ರ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡಿದ್ದಾರೆ. ಅಪ್ಪ ‘ಎರಡು ಮಾತು’ ಆಡಬೇಕಂತೆ. ‘ನಾಲ್ಕು ಜನರ ಮುಂದೆ ಮರ್ಯಾದೆ ಹೋಗುತ್ತದೆ, ಜ್ವರ ಎಂದುಬಿಡು’ ಎನ್ನುತ್ತಾರೆ ಅಮ್ಮ. ಅಪ್ಪ ಆಗಲೇ ಬಿಳಿ ಅಂಗಿಗೆ ಎರಡು ಸಲ ಇಸ್ತ್ರಿ ಮಾಡಿಸಿದ್ದಾರೆ. ನಾನು ಏನು ಮಾಡಲಿ?
— ಹೆಸರು ಬೇಡ, ಮಂಡ್ಯ

ಉತ್ತರ: ಸೋದರಿ, ನಿಮ್ಮ ಪತ್ರದಲ್ಲಿ ಅಮ್ಮನ ಅಭಿಪ್ರಾಯವಿದೆ, ಅಣ್ಣನದಿದೆ, ವೈದ್ಯರದೂ ಇದೆ. ತಂದೆಯವರನ್ನು ಮಾತ್ರ ಯಾರೂ ಕೇಳಿದಂತಿಲ್ಲ. ಆದರೂ ಅವರ ಉತ್ತರ ಇಸ್ತ್ರಿಯಾಗಿ ಬಂದು ಕುಳಿತಿದೆ. ಕರೆದುಕೊಂಡು ಹೋಗಿ. ಆದರೆ ಕೈಗೆ ಮೈಕು ಕೊಟ್ಟು ‘ಎರಡು ಮಾತು’ ಕೇಳುವುದು ಬೇಡ. ಏಕೆ ಬೇಡ, ಬದಲಿಗೆ ಏನು ಎಂಬುದನ್ನು ಹೇಳುತ್ತೇನೆ.

‘ಅದನ್ನು ಅದರೊಳಗೆ ಇಟ್ಟು ಬಾ’ ಎಂಬ ಮಾತನ್ನೇ ಇನ್ನೊಮ್ಮೆ ಓದಿ ನೋಡಿ. ಹೋಗಿರುವುದು ನಾಮಪದ ಮಾತ್ರ. ದ್ವಿತೀಯಾ ವಿಭಕ್ತಿ ಅದರ ಜಾಗದಲ್ಲಿದೆ, ಸಪ್ತಮಿಯ ಅರ್ಥ ಕೆಟ್ಟಿಲ್ಲ, ಕ್ರಿಯಾಪದ ಸರಿಯಾಗಿ ಕೊನೆಯಲ್ಲಿ ಕುಳಿತಿದೆ. ಈ ಕಾಯಿಲೆಯ ಮೊದಲ ಹಂತದಲ್ಲಿ ಹೀಗೆಯೇ ಆಗುತ್ತದೆ: ವಾಕ್ಯದ ಕಟ್ಟು ಬಹಳ ಕಾಲ ನಿಲ್ಲುತ್ತದೆ, ವಸ್ತುಗಳ ಮತ್ತು ಮನುಷ್ಯರ ಹೆಸರು ಮೊದಲು ಜಾರುತ್ತದೆ. ಜಾರಿದ್ದು ದೂರ ಹೋಗುವುದೂ ಇಲ್ಲ. ಬೆಂಡೆಯ ಬದಲು ಹುರುಳಿಕಾಯಿ ಬಂತೇ ಹೊರತು ಕುರ್ಚಿ ಬರಲಿಲ್ಲ. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ ಡಾ. ಅಲೋಯಿಸ್ ಅಲ್ಝೈಮರ್ ಪರೀಕ್ಷಿಸಿದ, ಈ ಕಾಯಿಲೆಯ ಮೊದಲ ರೋಗಿ ಎನಿಸಿದ ಹೆಂಗಸು, ಆಗಸ್ಟೆ, ಊಟಕ್ಕೆ ಹೂಕೋಸು ಮತ್ತು ಮಾಂಸ ತಿನ್ನುತ್ತಿದ್ದಳು. ಏನು ತಿನ್ನುತ್ತಿದ್ದೀರಿ ಎಂದರೆ ‘ಪಾಲಕ್’ ಎಂದಳು. ಪೆನ್ನು, ಬೀಗದ ಕೈ ತೋರಿಸಿದಾಗ ಹೆಸರು ಸರಿಯಾಗಿಯೇ ಹೇಳಿದ್ದಳು. ಒಂದು ಪದ ಸಿಗುತ್ತದೆ, ಪಕ್ಕದ್ದು ಸಿಗುವುದಿಲ್ಲ. ಹಾಗಾಗಿಯೇ ಮನೆಯವರಿಗೆ ‘ಬೇಕೆಂದೇ ಮಾಡುತ್ತಾರೆ’ ಎಂಬ ಅನುಮಾನ ಬರುವುದು.

ಕೊಪ್ಪರಿಗೆಯ ವಿಷಯ ನನಗೆ ಬಹಳ ಹಿಡಿಸಿತು. ನಿಮ್ಮ ತಂದೆ ಬೆಳೆದ ಊರಿನಲ್ಲಿ ಆಲೆಮನೆ ಇತ್ತೇ? ಇದ್ದಿರಬೇಕು, ಮಂಡ್ಯದ ಸೀಮೆಯಲ್ಲವೇ. ಐದಾರು ವರ್ಷದ ಹುಡುಗ ಬೆಲ್ಲದ ಪಾಕಕ್ಕಾಗಿ ಕಾದು ನಿಂತಾಗ ಕಲಿತ ಪದ ಅದು. ಕುಕ್ಕರ್ ಮನೆಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಎಳವೆಯಲ್ಲಿ ಕಲಿತ ಪದ ಗಟ್ಟಿ, ತಡವಾಗಿ ಬಂದದ್ದು ಸಡಿಲ. ಒಲೆಯ ಮೇಲೆ ಏನೋ ಬೇಯುತ್ತಿದೆ ಎಂಬ ಅರ್ಥ ಅವರಲ್ಲಿ ಪೂರ್ತಿ ಇದೆ. ಅದಕ್ಕೆ ಕೈಗೆಟಕಿದ ಪದವನ್ನು ಕೊಟ್ಟರು. ‘ಅನ್ನದ ಕೈ’ ಅಂತೂ ಒಬ್ಬ ಕನ್ನಡ ಮೇಷ್ಟ್ರು ಮಾತ್ರ ಕಟ್ಟಬಲ್ಲ ಸಮಾಸ. ಅದು ತಿದ್ದುವಂಥದ್ದಲ್ಲ. ಸಟ್ಟುಗವನ್ನು ಕೈಗೆ ಕೊಟ್ಟು ‘ತಗೊಳ್ಳಿ, ಸಟ್ಟುಗ’ ಎಂದರೆ ಮುಗಿಯಿತು.

ಅಣ್ಣನವರ ಬೆಳಗಿನ ಪರೀಕ್ಷೆಯನ್ನು ಮಾತ್ರ ನಾಳೆಯಿಂದಲೇ ನಿಲ್ಲಿಸಿ. ಅದು ಕಸರತ್ತಲ್ಲ, ದಿನವೂ ನಪಾಸು ಮಾಡುವ ಕೆಲಸ. ಜೀವನವಿಡೀ ಪ್ರಶ್ನೆ ಕೇಳಿದವರನ್ನು ಮಗನೇ ಬೆಂಚಿನ ಮೇಲೆ ನಿಲ್ಲಿಸಿದಂತೆ. ಅಣ್ಣನನ್ನು ಬೈಯುವ ಯೋಗ್ಯತೆ ನನಗಿಲ್ಲ, ಬಿಡಿ. ಮೈಸೂರಿನ ಅಗ್ರಹಾರದಲ್ಲಿದ್ದ ನನ್ನ ಸೋದರತ್ತೆಯನ್ನು ಹೋದಾಗಲೆಲ್ಲ ‘ನಾನು ಯಾರು ಹೇಳಿ ನೋಡೋಣ’ ಎಂದು ನಾನೂ ಪೀಡಿಸಿದವಳೇ. ಒಂದು ದಿನ ಅವರು ತಾಂಬೂಲದ ತಟ್ಟೆಯಿಂದ ತಲೆ ಎತ್ತದೆ, ‘ಏಕೆ, ನಿನಗೇ ಗೊತ್ತಿಲ್ಲವೇ?’ ಎಂದರು. ಅಂದಿನಿಂದ ಬಾಗಿಲಲ್ಲೇ ನನ್ನ ಹೆಸರು ಹೇಳಿಕೊಂಡು ಒಳಗೆ ಹೋಗುವುದನ್ನು ಕಲಿತೆ.

ಮನೆಯಲ್ಲಿ ಮಾಡಬೇಕಾದದ್ದು ದೊಡ್ಡದೇನಲ್ಲ. ಟಿ.ವಿ. ಆರಿಸಿ, ಎದುರು ಕುಳಿತು, ಒಂದು ಸಲಕ್ಕೆ ಒಂದೇ ಮಾತು. ‘ಏನು ಬೇಕು?’ ಎನ್ನುವ ಬದಲು ‘ಕಾಫಿಯೋ, ಹಾಲೋ?’ ಎನ್ನಿ. ಪದಕ್ಕಾಗಿ ತಡಕಾಡುತ್ತಿದ್ದಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ನಿಮ್ಮ ತುಟಿಗೆ ಬಂದ ಪದವನ್ನು ತಡೆಹಿಡಿಯಿರಿ. ಬರಲಿಲ್ಲವೆಂದರೆ ಮೊದಲ ಅಕ್ಷರ ಹೇಳಿ, ಈ ಹಂತದಲ್ಲಿ ಎಷ್ಟೋ ಸಲ ಅಷ್ಟಕ್ಕೇ ಪದ ಬಂದುಬಿಡುತ್ತದೆ. ಆಗಲೂ ಬರಲಿಲ್ಲವೆಂದರೆ ನೀವೇ ಹೇಳಿ ಮುಂದಕ್ಕೆ ಹೋಗಿ. ಕಿವಿ ಪರೀಕ್ಷೆಯಾಗಿದೆಯೇ? ಕೇಳಿಸದಿದ್ದರೆ ಇರುವ ಮಾತೂ ಹೋಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಶುರುವಾದದ್ದು 1965ರಲ್ಲಿ. ಮಂಡ್ಯದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿ ಕಿವಿಯನ್ನೂ ನೋಡುತ್ತಾರೆ, ಮಾತನ್ನೂ ನೋಡುತ್ತಾರೆ. ಅದು ಮಕ್ಕಳಿಗೆ ಮಾತ್ರ ಎಂದು ತಿಳಿದವರು ಬಹಳ ಮಂದಿ.

(ಇದನ್ನು ಓದಿ ತಮ್ಮ ಮನೆಯ ಹಿರಿಯರ ಮೇಲೆ ಕಣ್ಣಿಟ್ಟವರಿಗೆ: ಮಧ್ಯಾಹ್ನ ಮರೆತ ಹೆಸರು ರಾತ್ರಿ ಊಟದ ಹೊತ್ತಿಗೆ ತಾನಾಗಿ ಬಂದರೆ ಅದು ಸಾಮಾನ್ಯವಾಗಿ ಬರೀ ವಯಸ್ಸು. ಮರೆವು ಹೆಚ್ಚುತ್ತಲೇ ಇದ್ದರೂ ನೀವೇ ಕಾಯಿಲೆಯ ಹೆಸರು ಇಡಬೇಡಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ಮಾತ್ರೆಗಳು ಕೂಡ ಹೀಗೆ ಮಾಡುತ್ತವೆ, ಅವಕ್ಕೆ ಚಿಕಿತ್ಸೆ ಇದೆ. ಮಾತು ಇದ್ದಕ್ಕಿದ್ದಂತೆ ನಿಂತರೆ ಅಥವಾ ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿ.)

ಈಗ ಗುರುವಂದನೆ. ಮೊದಲು ತಂದೆಯವರ ಪಕ್ಕ ಕುಳಿತು, ‘ಅಪ್ಪಾ, ಪದ ಸಿಗುವುದು ಕಷ್ಟವಾಗಿದೆ ಎಂದು ಕಾರ್ಯಕ್ರಮದವರಿಗೆ ಹೇಳಲೇ?’ ಎಂದು ಕೇಳಿ. ಆಣೆ ಅಮ್ಮನದು, ಕಾಯಿಲೆ ಅಪ್ಪನದು. ಅವರು ಒಪ್ಪಿದರೆ ಸಂಘಟಕರಲ್ಲಿ ಇಬ್ಬರಿಗಷ್ಟೇ ತಿಳಿಸಿ, ಭಾಷಣ ತೆಗೆಸಿ. ಆಶುಭಾಷಣದಲ್ಲಿ ಪ್ರತಿ ಪದವನ್ನೂ ಹುಡುಕಿ ತರಬೇಕು. ಇವತ್ತು ಅವರಿಗೆ ಅತಿ ಕಷ್ಟದ ಕೆಲಸ ಅದೇ. ಕಣ್ಣೆದುರು ಬರೆದಿರುವುದನ್ನು ಗಟ್ಟಿಯಾಗಿ ಓದುವ ಶಕ್ತಿ ಮಾತ್ರ ಸಾಮಾನ್ಯವಾಗಿ ಬಹಳ ಕಾಲ ಉಳಿಯುತ್ತದೆ. ಬಾಯಿಪಾಠವೂ ಹಾಗೆಯೇ.

ಆದ್ದರಿಂದ ಅವರಿಂದ ಹಾಜರಿ ಕೂಗಿಸಿ. ಅಂದು ಬರುವ ಹಳೆಯ ವಿದ್ಯಾರ್ಥಿಗಳ ಹೆಸರನ್ನು ಹಾಜರಿ ಪುಸ್ತಕದಂತೆ ಕ್ರಮಸಂಖ್ಯೆ ಹಾಕಿ ಬರೆಯಿಸಿ. ಮೇಷ್ಟ್ರು ಕೂಗಲಿ, ಐವತ್ತು ದಾಟಿದ ಹುಡುಗ ಹುಡುಗಿಯರು ಎದ್ದು ನಿಂತು ‘ಹಾಜರ್ ಸಾರ್’ ಎನ್ನಲಿ. ಮನೆಯಲ್ಲಿ ಒಂದು ಸಲ ಪಟ್ಟಿ ಕೊಟ್ಟು ನೋಡಿ, ಅವರಿಗೆ ಬೇಸರವೆನಿಸಿದರೆ ಬಿಟ್ಟುಬಿಡಿ. ಸುಮ್ಮನೆ ಕುಳಿತು ಹಾರ ಹಾಕಿಸಿಕೊಂಡು ಬರುವುದೂ ಕಾರ್ಯಕ್ರಮವೇ. ಅಮ್ಮನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕೇಳಿಡಿ, ಕೆಳಗಿನಿಂದ ಪದ ಹೇಳಿಕೊಡಬೇಡಿ ಎಂದು ತಾಕೀತು ಮಾಡಿ. ಸಂಜೆ ದಣಿವು ಹೆಚ್ಚು, ಬೆಳಗಿನ ಹೊತ್ತನ್ನೇ ಕೇಳಿ. ಪಟ್ಟಿಯ ಅಕ್ಷರ ದಪ್ಪಗಿರಲಿ, ಕಾಗುಣಿತ ಎರಡು ಸಲ ನೋಡಿ. ತಪ್ಪಿದ್ದರೆ ಅವರು ವೇದಿಕೆಯ ಮೇಲೆಯೇ ಪೆನ್ನು ಕೇಳಿಯಾರು.