ಓದುಗರ ಪ್ರಶ್ನೆ: ಮನೆಮಂದಿಯ ನಡುವೆ ಒಂದು ಓದಿನ ಮೂಲೆ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ಚಿಕ್ಕ ಮನೆಯಲ್ಲಿದ್ದೇವೆ. ನನಗೆ ಓದಲು ಬಿಡುವಾಗುವುದು ರಾತ್ರಿ ಹತ್ತರ ನಂತರ. ಆದರೆ ದೀಪ ಹಾಕಿದರೆ ಪಕ್ಕದಲ್ಲಿ ಮಲಗಿದ ಯಜಮಾನರಿಗೆ ನಿದ್ದೆ ಬರುವುದಿಲ್ಲ. ಸ್ಮಾರ್ಟ್ ಬಲ್ಬ್, ಸ್ಮಾರ್ಟ್ ಸ್ಪೀಕರ್, ಇ-ರೀಡರ್ ಮೂರನ್ನೂ ಕೊಡಿಸುತ್ತೇನೆಂದು ಮಗ ಹೇಳುತ್ತಿದ್ದಾನೆ. ನಾನು ಏನು ಓದುತ್ತೇನೆ, ಏನು ಕೇಳುತ್ತೇನೆ ಎಂಬುದು ಮನೆಯವರಿಗೆಲ್ಲ ತಿಳಿಯುವುದು ನನಗೆ ಇಷ್ಟವಿಲ್ಲ. ಯಾವುದನ್ನು ಕೊಳ್ಳಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೂರರಲ್ಲಿ ಪುಸ್ತಕ ಓದಲೆಂದೇ ಇರುವ ಇ-ರೀಡರ್ ಒಂದನ್ನು ಉಳಿಸಿಕೊಂಡು ಉಳಿದೆರಡನ್ನು ಕೈಬಿಡಿ.

ಚಾವಣಿಯ ಹೋಲ್ಡರಿಗೆ ಹಾಕುವ ಬಲ್ಬ್ ಎಷ್ಟೇ ಸ್ಮಾರ್ಟ್ ಆಗಿದ್ದರೂ ಇಡೀ ಕೋಣೆಯನ್ನು ಬೆಳಗುತ್ತದೆ. ನಿಮಗೆ ಬೇಕಾಗಿರುವುದು ಪುಟದ ಮೇಲಷ್ಟೇ ಬೀಳುವ ಬೆಳಕು. ಸಾಲದ್ದಕ್ಕೆ, ಗೋಡೆಯ ಸ್ವಿಚ್ಚನ್ನು ಯಾರಾದರೂ ಆರಿಸಿದರೆ ಆ ಬಲ್ಬ್ ಮೊಬೈಲಿನ ಆ್ಯಪ್‌ನ ಮಾತು ಕೇಳುವುದಿಲ್ಲ, ಮತ್ತು ಸೆಟ್ಟಿಂಗ್ ಬದಲಿಸದೆ ಬಿಟ್ಟರೆ ಹಲವು ಬಲ್ಬುಗಳು ನಡುರಾತ್ರಿ ಕರೆಂಟ್ ಹೋಗಿ ಬಂದೊಡನೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಆಗ ಯಜಮಾನರು ಏನೆನ್ನುತ್ತಾರೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇದರ ಬದಲು ಕತ್ತನ್ನು ಬೇಕಾದಂತೆ ಬಾಗಿಸಬಹುದಾದ, ಚಾರ್ಜ್ ಮಾಡಿ ಬಳಸುವ ಕ್ಲಿಪ್ ದೀಪವೊಂದನ್ನು ಕೊಳ್ಳಿ. ಕರೆಂಟ್ ಇಲ್ಲದಾಗಲೂ ಅದು ಉರಿಯುತ್ತದೆ. ಡಬ್ಬಿಯ ಮೇಲೆ 2700ರಿಂದ 3000 ಕೆಲ್ವಿನ್ ಎಂದಿದ್ದರೆ ಅದು ರಾತ್ರಿಗೆ ಹಿತವಾದ ಹಳದಿ ಛಾಯೆಯ ಬೆಳಕು. 6500 ಎಂದಿದ್ದರೆ ಟ್ಯೂಬ್‌ಲೈಟಿನ ಬಿಳುಪು, ಅದು ಬೇಡ. ಅಂಗಡಿಯಲ್ಲಿಯೇ ದೀಪವನ್ನು ಮಂದಗೊಳಿಸಿ, ಮೊಬೈಲ್ ಕ್ಯಾಮೆರಾವನ್ನು ಅದರತ್ತ ಹಿಡಿದು ನೋಡಿ: ಪರದೆಯ ಮೇಲೆ ಕಪ್ಪು ಪಟ್ಟೆಗಳು ದಟ್ಟವಾಗಿ ಹರಿದಾಡಿದರೆ, ಕಣ್ಣಿಗೆ ಕಾಣದಿದ್ದರೂ ಆ ದೀಪ ಮಿಣುಗುತ್ತಿದೆ ಎಂದು ತಿಳಿದು ಬೇರೆಯದನ್ನು ಕೇಳಿ. ಬೆಳಕು ಸಾಲದೆನಿಸಿದರೆ ಅದನ್ನು ಹೆಚ್ಚಿಸುವ ಮೊದಲು ದೀಪವನ್ನು ಹತ್ತಿರಕ್ಕೆ ತನ್ನಿ, ಏಕೆಂದರೆ ದೂರ ಅರ್ಧವಾದರೆ ಪುಟಕ್ಕೆ ಬೀಳುವ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ, ಆದರೆ ಕೋಣೆಗೆ ಹರಡುವ ಬೆಳಕು ಹೆಚ್ಚುವುದಿಲ್ಲ.

ಇ-ರೀಡರಿನ, ಕಾಗದದ ಮೇಲಿನ ಶಾಯಿಯಂತೆ ಅಕ್ಷರ ಮೂಡಿಸುವ ಇ-ಇಂಕ್ ಪರದೆಗೆ ಮೊಬೈಲಿನಂತೆ ಹಿಂಬದಿಯಿಂದ ಬೆಳಕು ಬರುವುದಿಲ್ಲ. ದೀಪವಿರುವ ಮಾದರಿಗಳಲ್ಲಿ ಅಂಚಿನಲ್ಲಿರುವ ಪುಟ್ಟ ಎಲ್‌ಇಡಿಗಳು ಪರದೆಯ ಮೇಲ್ಮೈಯನ್ನು ಬೆಳಗುತ್ತವೆ. ಆದ್ದರಿಂದ ಅದನ್ನು ತೀರ ಮಂದ ಬೆಳಕಿನಲ್ಲಿ ಇಟ್ಟುಕೊಂಡೂ ಆರಾಮವಾಗಿ ಓದಬಹುದು. ಕೊಳ್ಳುವ ಮೊದಲು ಕನ್ನಡದ ಪುಟವೊಂದನ್ನು ತೆರೆಸಿ, ಒತ್ತಕ್ಷರಗಳು ಒಡೆಯದೆ ಮೂಡುತ್ತವೆಯೇ, ಅಕ್ಷರದ ಗಾತ್ರವನ್ನು ಹಿಗ್ಗಿಸಬಹುದೇ ಎಂದು ಪರೀಕ್ಷಿಸಿ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳನ್ನು ಹೆಚ್ಚಾಗಿ ಓದುವವರಾದರೆ 6 ಇಂಚಿನ ಪರದೆಯಲ್ಲಿ ಸಾಲುಗಳು ಇರುವೆ ಸಾಲಿನಂತೆ ಕಾಣುತ್ತವೆ. ದುಬಾರಿಯಾದರೂ 10 ಇಂಚಿನದೇ ಸರಿ.

ಇನ್ನು ನಿಮ್ಮ ನಿಜವಾದ ಆತಂಕ. ಸಾಧನ ಯಾರ ಖಾತೆಯಲ್ಲಿದೆಯೋ ಅದರ ಒಳವಿವರವೂ ಅವರ ಕೈಯಲ್ಲಿರುತ್ತದೆ. ಮಗ ತನ್ನ ಖಾತೆಯಿಂದ ಇ-ರೀಡರ್ ಸಿದ್ಧಪಡಿಸಿ ಕೊಟ್ಟರೆ, ನೀವು ಅದರಲ್ಲಿ ಕೊಂಡ ಪುಸ್ತಕಗಳೆಲ್ಲ ಅವನ ಮೊಬೈಲಿನಲ್ಲೂ ಕಾಣಿಸಿಕೊಳ್ಳಬಹುದು. ಅವನು ಇಣುಕಬೇಕೆಂದೇನಿಲ್ಲ, ಅವು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಹಣ ಮಗನದಾದರೂ ಖಾತೆ, ಇಮೇಲ್, ಪಾಸ್‌ಕೋಡ್ ನಿಮ್ಮವೇ ಆಗಿರಲಿ. ಪುಸ್ತಕ ಇಳಿಸಿಕೊಂಡ ಮೇಲೆ ವೈಫೈ ಆರಿಸಿಟ್ಟರೂ ಓದಿಗೆ ಅಡ್ಡಿಯಿಲ್ಲ.

ಸ್ಮಾರ್ಟ್ ಸ್ಪೀಕರ್ ಬೇಡವೆಂದದ್ದೂ ಇದೇ ಕಾರಣಕ್ಕೆ. ನೀವು ಕೇಳಬೇಕೆಂದಿರುವ ಕಥೆಯ ಹೆಸರನ್ನು ಅದಕ್ಕೆ ಬಾಯಿಬಿಟ್ಟು ಹೇಳಬೇಕು, ಅದರ ದಾಖಲೆ ಸಾಮಾನ್ಯವಾಗಿ ಖಾತೆದಾರರ ಆ್ಯಪ್‌ನಲ್ಲಿ ಉಳಿಯುತ್ತದೆ. ಅಳಿಸಬಹುದು ನಿಜ, ಆದರೆ ದಿನವೂ ಅಳಿಸುತ್ತ ಕೂರುವ ಗೋಜು ಯಾರಿಗೆ ಬೇಕು? ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿ ಕೇಳಿ. ಹಾಲ್‌ನಲ್ಲಿ ಈಗಾಗಲೇ ಬ್ಲೂಟೂತ್ ಸ್ಪೀಕರ್ ಇದ್ದು ನಿಮ್ಮ ಮೊಬೈಲಿಗೆ ಅದರ ಪರಿಚಯವಿದ್ದರೆ, ಬ್ಲೂಟೂತ್ ಪಟ್ಟಿಯಿಂದ ಅದನ್ನು ತೆಗೆದುಹಾಕಿ. ಇಲ್ಲವಾದರೆ ನೀವು ಹಾಸಿಗೆಯಲ್ಲಿ ಕಥೆ ಆರಂಭಿಸಿದಾಗ ಹಾಲ್‌ನಲ್ಲಿ ಅದು ಮೊಳಗಬಹುದು.

ಪ್ರಶ್ನೆ: ಅಣ್ಣನೊಂದಿಗೆ ಒಂದೇ ಮೇಜಿನಲ್ಲಿ ಓದುತ್ತೇನೆ. ಮೊಬೈಲಿಗೆ ಪ್ರೈವೆಸಿ ಗ್ಲಾಸ್, ಕಣ್ಣಿಗೆ ನೀಲಿ ಬೆಳಕು ತಡೆಯುವ ಕನ್ನಡಕ ಎರಡೂ ಬೇಕೇ?
— ವಿದ್ಯಾರ್ಥಿ, ಶಿರಸಿ

ಉತ್ತರ: ಪ್ರೈವೆಸಿ ಗ್ಲಾಸ್ ಪಕ್ಕದಿಂದ ನೋಡುವವರಿಗೆ ಪರದೆಯನ್ನು ಕಪ್ಪಾಗಿಸುತ್ತದೆ, ಬೆನ್ನ ಹಿಂದೆ ನಿಂತವರಿಗಲ್ಲ. ನಿಮಗೂ ಪರದೆ ತುಸು ಮಂದವಾಗುವುದರಿಂದ ಪ್ರಕಾಶ ಹೆಚ್ಚಿಸಬೇಕಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಮೊಬೈಲನ್ನು ಅಡ್ಡ ಹಿಡಿದು ಓದುವ ಅಭ್ಯಾಸವಿದ್ದರೆ, ಆಗಲೂ ಅದು ಮರೆಮಾಡುತ್ತದೆಯೇ ಎಂದು ಅಂಗಡಿಯಲ್ಲಿ ನೋಡಿಯೇ ತನ್ನಿ. ಕನ್ನಡಕಕ್ಕೆ ದುಡ್ಡು ಸುರಿಯಬೇಡಿ: ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ಸಮೀಕ್ಷೆಯು 17 ಪ್ರಯೋಗಗಳನ್ನು ಪರಿಶೀಲಿಸಿ, ಅಂಥ ಕನ್ನಡಕಗಳಿಂದ ಕಣ್ಣಿನ ಆಯಾಸ ಅಲ್ಪಾವಧಿಯಲ್ಲಿ ಕಡಿಮೆಯಾಗದಿರಬಹುದು ಎಂದು ಹೇಳಿದೆ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ. 20 ನಿಮಿಷಕ್ಕೊಮ್ಮೆ ತಲೆಯೆತ್ತಿ ಕಿಟಕಿಯಾಚೆ ದೂರದ ಮರವನ್ನೋ ಮಾಡನ್ನೋ ಸ್ವಲ್ಪ ಹೊತ್ತು ನೋಡಿ. ಅಷ್ಟಾದರೂ ತಲೆನೋವು ಬಿಡದಿದ್ದರೆ ನೇತ್ರತಜ್ಞರಲ್ಲಿ ದೃಷ್ಟಿ ಪರೀಕ್ಷೆ ಮಾಡಿಸಿಕೊಳ್ಳಿ.