ಮುನ್ನೂರನೇ ರ‍್ಯಾಂಕಿನ ಲೆಕ್ಕ

ಓದುಗರ ಪತ್ರ

ಕಳೆದ ಸಂಚಿಕೆಯಲ್ಲಿ ನಮ್ಮ ದೇಶದ ಟೆನಿಸ್ ಆಟಗಾರರಿಗೆ ಆರು ಪುಟ ಕೊಟ್ಟಿದ್ದೀರಿ. ಅವರಲ್ಲಿ ಹೆಚ್ಚಿನವರು ಜಗತ್ತಿನಲ್ಲಿ 300ನೇ ಸ್ಥಾನದ ಆಚೆಗಿರುವವರು. ನಾನು 34 ವರ್ಷ ಗಣಿತ ಪಾಠ ಮಾಡಿದವನು. 300ನೇ ರ‍್ಯಾಂಕ್ ಬಂದ ಹುಡುಗನಿಗೆ ನನ್ನ ಕ್ಲಾಸಿನಲ್ಲಿ ಯಾರೂ ಹಾರ ಹಾಕಲಿಲ್ಲ. ಸುಮಿತ್ ನಾಗಲ್ ‘ಬ್ಯಾಂಕಿನಲ್ಲಿ 80 ಸಾವಿರ ಮಾತ್ರ ಉಳಿದಿದೆ’ ಅಂದಿದ್ದನ್ನೂ ಓದಿದ್ದೇನೆ, ಕೆಲವೇ ತಿಂಗಳಿಗೆ ಕೋಟಿ ಹತ್ತಿರ ಗೆದ್ದಿದ್ದನ್ನೂ ಓದಿದ್ದೇನೆ. ಯಾವುದು ನಿಜ? ಇವರೆಲ್ಲ ಒಂದು ಕೆಲಸ ನೋಡಿಕೊಂಡು ಭಾನುವಾರ ಆಡಬಾರದೇ? ಕೊನೆಗೊಂದು ಮಾತು. ನನ್ನ ಮೊಮ್ಮಗಳಿಗೆ 13 ವರ್ಷ, ಬೆಂಗಳೂರಿನಲ್ಲಿದ್ದಾಳೆ. ಟೆನಿಸ್ ಚೆನ್ನಾಗಿ ಆಡುತ್ತಾಳಂತೆ. ಶಾಲೆ ಬಿಡಿಸಿ ಪೂರ್ತಿ ಆಟಕ್ಕೇ ಹಾಕಿ ಅಂತ ಕೋಚ್ ಹೇಳಿದ್ದಾರೆ. ಮಗ, ಸೊಸೆ ಒಪ್ಪುವ ಹಾಗೆ ಕಾಣುತ್ತಾರೆ.

ನಿವೃತ್ತ ಶಿಕ್ಷಕರು, ತಿಪಟೂರು

ಸಂಪಾದಕರ ಉತ್ತರ

ಮೇಷ್ಟ್ರೇ, ನಮಸ್ಕಾರ.

ಮುನ್ನೂರು ಹುಡುಗರ ಕ್ಲಾಸಿಗೆ ನೀವು ಪಾಠ ಹೇಗೆ ಮಾಡಿದಿರೋ ಅನ್ನೋದೇ ನಮ್ಮ ಆಫೀಸಿನಲ್ಲಿ ಅರ್ಧ ದಿನದ ಚರ್ಚೆಯಾಯಿತು. ತಮಾಷೆ ಇರಲಿ. ಪತ್ರದ ಮುಕ್ಕಾಲು ಭಾಗ ನಮ್ಮನ್ನು ಬೈದು, ಕೊನೆಗೆ ಮೊಮ್ಮಗಳ ವಿಷಯ ಬರೆದಿದ್ದೀರಿ. ನೀವು ಪೆನ್ನು ಹಿಡಿದು ಕೂತಿದ್ದೇ ಆ ಕೊನೆಯ ಸಾಲುಗಳಿಗಾಗಿ ಅಂತ ನನ್ನ ಊಹೆ. ಅಲ್ಲಿಗೆ ಬರುತ್ತೇನೆ. ಮೊದಲು 300ರ ಲೆಕ್ಕ ಮುಗಿಸೋಣ.

ರಣಜಿ ಟ್ರೋಫಿ ನಿಮಗೆ ಗೊತ್ತೇ ಇದೆ. 38 ತಂಡ. ತಂಡಕ್ಕೆ 11 ಜನ ಅಂದರೆ 418 ಮಂದಿ, ಎಲ್ಲರೂ ಒಂದೇ ದೇಶದವರು. ಅವರಲ್ಲಿ ಇವತ್ತೇ ಮೊದಲ ಮ್ಯಾಚ್ ಆಡುವ ಹುಡುಗನಿಗೂ, 2021ರಲ್ಲಿ ಬಿಸಿಸಿಐ ಗೊತ್ತು ಮಾಡಿದ ಪ್ರಕಾರ, ದಿನಕ್ಕೆ 40 ಸಾವಿರ ರೂಪಾಯಿ. ನಾಲ್ಕು ದಿನದ ಮ್ಯಾಚಿಗೆ 1.6 ಲಕ್ಷ. ಸೊನ್ನೆಗೆ ಔಟಾದರೂ ಅಷ್ಟೇ, ಶತಕ ಹೊಡೆದರೂ ಅಷ್ಟೇ. ಪ್ರಯಾಣ, ಹೋಟೆಲು, ಊಟ, ಫಿಸಿಯೋ ಎಲ್ಲ ಸಂಘದ್ದು. ಅವನನ್ನು ಯಾರೂ ಸೋತವನು ಅನ್ನೋದಿಲ್ಲ. ‘ನಮ್ಮೂರ ಹುಡುಗ, ರಣಜಿ ಆಡಿದ್ದಾನೆ’ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತೇವೆ, ಅಲ್ವಾ?

ಟೆನಿಸ್‌ನ 300ನೇಯವನು ಇಡೀ ಜಗತ್ತಿಗೆ 300ನೇಯವನು. ಅವನಿಗೆ ಮ್ಯಾಚ್ ಫೀಸ್ ಇಲ್ಲ. ಗೆದ್ದರೆ ದುಡ್ಡು, ಸೋತರೆ ಚಿಲ್ಲರೆ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟವೇ 2013ರ ಲೆಕ್ಕ ತೆಗೆದು ನೋಡಿತ್ತು. ಆ ವರ್ಷ ವೃತ್ತಿಪರ ಟೂರ್ನಿಗಳಲ್ಲಿ ಆಡಿದವರು ಹತ್ತಿರ ಹತ್ತಿರ 14 ಸಾವಿರ ಜನ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬಹುಮಾನದ ಹಣ ಒಂದು ಪೈಸೆಯೂ ಸಿಕ್ಕಿರಲಿಲ್ಲ. ಹಾಕಿದ ದುಡ್ಡು ವಾಪಸ್ ಗಿಟ್ಟಬೇಕಾದರೆ ಗಂಡಸರಲ್ಲಿ 336ನೇ ರ‍್ಯಾಂಕಿನೊಳಗೆ ಇರಬೇಕಿತ್ತು, ಹೆಂಗಸರಲ್ಲಿ 253ರೊಳಗೆ. ಗಮನಿಸಿ, ಇದು ಕೋಚ್ ಖರ್ಚು ಸೇರಿಸದ ಲೆಕ್ಕ. ವಿಮಾನ, ಹೋಟೆಲು, ಊಟ, ಗಟ್ಟಿಂಗ್ (ರ‍್ಯಾಕೆಟ್ಟಿಗೆ ದಾರ ಬಿಗಿಸೋದು), ಬಟ್ಟೆ ಒಗೆಸೋದು, ಇಷ್ಟಕ್ಕೇ ಗಂಡಸರಿಗೆ ವರ್ಷಕ್ಕೆ ಸರಾಸರಿ 38,800 ಡಾಲರ್ ಬೇಕಾಗಿತ್ತು. ಅಂದರೆ ನೀವು ಹಾರ ಹಾಕಲು ಒಪ್ಪದ ಆ 300ನೇ ರ‍್ಯಾಂಕಿನವನು, ಕೈಯಿಂದ ಹಾಕದೆ ಆಡುವವರ ಸಾಲಿನಲ್ಲಿ ಕೊನೆಯ ಕೆಲವರಲ್ಲಿ ಒಬ್ಬ. ಅದೂ ಒಬ್ಬನೇ ಊರೂರು ತಿರುಗಿದರೆ ಮಾತ್ರ.

ಅವನ ಕೆಳಗಿರುವವರ ಒಂದು ವಾರ ಹೇಗಿರುತ್ತದೆ ನೋಡಿ. ಪುರುಷರ ವೃತ್ತಿಪರ ಟೆನಿಸ್‌ನ ಕೆಳಗಿನ ಮೆಟ್ಟಿಲು ಎಂ15 ಟೂರ್ನಿಗಳು. 15 ಅಂದರೆ 15 ಸಾವಿರ ಡಾಲರ್, ಒಬ್ಬರಿಗಲ್ಲ, ಎಲ್ಲರಿಗೂ ಸೇರಿ. ಸಿಂಗಲ್ಸ್ ಗೆದ್ದವನಿಗೆ 2,160 ಡಾಲರ್, ಮೊದಲ ಸುತ್ತಿನಲ್ಲಿ ಸೋತವನಿಗೆ 156. ಅಂದರೆ 13-14 ಸಾವಿರ ರೂಪಾಯಿ, ಅದರಲ್ಲೂ ತೆರಿಗೆ ಮುರಿದುಕೊಂಡು ಕೊಡುವ ದೇಶಗಳುಂಟು. ಟುನೀಶಿಯಾದ ಮೊನಾಸ್ಟಿರ್, ಟರ್ಕಿಯ ಅಂಟಾಲ್ಯ, ಈಜಿಪ್ಟಿನ ಶರ್ಮ್ ಎಲ್ ಶೇಖ್‌ಗಳಲ್ಲಿ ಇಂಥ ಟೂರ್ನಿಗಳು ವಾರದ ಸಂತೆಯ ಹಾಗೆ ಸಾಲಾಗಿ ನಡೆಯುತ್ತವೆ. ಮಂಗಳವಾರ ಸೋತವನು ಮುಂದಿನ ವಾರದವರೆಗೆ ಅಲ್ಲೇ ಇರಬೇಕು, ಇಲ್ಲ ಟಿಕೆಟ್ ಬದಲಿಸಿ ಹೊರಡಬೇಕು. ಯಾವ ದಿನ ಸೋಲುತ್ತೇನೆ ಅಂತ ಮೊದಲೇ ಗೊತ್ತಿದ್ದರೆ ಅಗ್ಗದ ಟಿಕೆಟ್ ಕೊಳ್ಳಬಹುದಿತ್ತು. ಗೆದ್ದರೆ ಇನ್ನೊಂದು ಪೇಚು. ಇಲ್ಲಿ ಫೈನಲ್ ಮುಗಿಯುವ ಹೊತ್ತಿಗೆ ಇನ್ನೊಂದು ಊರಿನಲ್ಲಿ ಮುಂದಿನ ಟೂರ್ನಿಯ ಅರ್ಹತಾ ಸುತ್ತು ಶುರುವಾಗಿರುತ್ತದೆ.

ಆ 2,160 ಡಾಲರಿನ ಜೊತೆ ಚಾಂಪಿಯನ್‌ಗೆ ಸಿಗುವ ರ‍್ಯಾಂಕಿಂಗ್ ಪಾಯಿಂಟು 15. ವಿಂಬಲ್ಡನ್ ಗೆದ್ದವನಿಗೆ 2,000. ಗಳಿಸಿದ ಪಾಯಿಂಟಿಗೆ 52 ವಾರ ಆಯುಸ್ಸು, ಆಮೇಲೆ ಉದುರಿಹೋಗುತ್ತದೆ. ಹಾಗಾಗಿ ಒಂದು ವರ್ಷ ಚೆನ್ನಾಗಿ ಆಡಿದವನು ಮಾರನೇ ವರ್ಷ ಅಷ್ಟೇ ಚೆನ್ನಾಗಿ ಆಡಿದರೆ ಇದ್ದಲ್ಲೇ ಇರುತ್ತಾನೆ. ಮಂಡಿ ನೋವು ಅಂತ ಆರು ತಿಂಗಳು ಕೂತರೆ ಜಾರುತ್ತಾನೆ.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕೋರ್ಟುಗಳಿವೆಯಲ್ಲ, ಅಲ್ಲಿ ಅರ್ಹತಾ ಸುತ್ತು ನೋಡಲು ನಾನು ಆಗಾಗ ಹೋಗುತ್ತೇನೆ. ಒಮ್ಮೆ ಒಬ್ಬ ಹುಡುಗ ಮೂರನೇ ಸೆಟ್ಟಿನಲ್ಲಿ ರ‍್ಯಾಕೆಟ್ಟಿನ ಗಟ್ ಹರಿದುಕೊಂಡ. ಮ್ಯಾಚ್ ಸೋತ ಮೇಲೆ ಬೆಂಚಿನ ಮೇಲೆ ಕೂತು, ಬ್ಯಾಗಿನಿಂದ ಪುಟ್ಟ ಕತ್ತರಿ ತೆಗೆದು, ಉಳಿದ ಎಳೆಗಳನ್ನೂ ಮಧ್ಯದಿಂದ ಹೊರಕ್ಕೆ ಒಂದೊಂದಾಗಿ ಕತ್ತರಿಸಿದ. ಒಂದು ಎಳೆ ಹರಿದು ಉಳಿದವು ಬಿಗಿಯಾಗೇ ಇದ್ದರೆ ಫ್ರೇಮು ಸೊಟ್ಟಗಾಗುತ್ತದೆ, ಅದಕ್ಕೆ. ಆಮೇಲೆ ಗಟ್ಟಿಂಗ್ ಮಾಡುವವರ ಮೇಜಿನ ಹತ್ತಿರ ಹೋಗಿ ರೇಟು ಕೇಳಿದ. ಕೇಳಿ, ಎರಡು ರ‍್ಯಾಕೆಟ್ ಕೊಡಲು ತಂದವನು ಒಂದನ್ನು ಕೊಟ್ಟು ಇನ್ನೊಂದನ್ನು ವಾಪಸ್ ಬ್ಯಾಗಿಗೆ ಹಾಕಿಕೊಂಡ. ದೊಡ್ಡ ಆಟಗಾರರು ಪ್ರತಿ ಮ್ಯಾಚಿಗೂ ಹೊಸದಾಗಿ ಗಟ್ ಹಾಕಿಸಿದ ರ‍್ಯಾಕೆಟ್ಟುಗಳ ಕಟ್ಟನ್ನೇ ಹೊತ್ತು ಬರುತ್ತಾರೆ. ಇಲ್ಲಿ ಗಟ್ ಸಡಿಲವಾದರೂ ಇನ್ನೊಂದು ಮ್ಯಾಚ್ ತಳ್ಳುತ್ತಾರೆ. ಚೆಂಡು ಒಂದು ಗೇಣು ಹೊರಗೆ ಬಿದ್ದರೆ ಅದು ಕೈಯ ತಪ್ಪೋ ಜೇಬಿನ ತಪ್ಪೋ ಹೇಳೋದು ಕಷ್ಟ.

ಈಗ ನಾಗಲ್ ವಿಷಯ. ಎರಡೂ ನಿಜ, ಮೇಷ್ಟ್ರೇ. 2023ರ ಸೆಪ್ಟೆಂಬರಿನಲ್ಲಿ ಅವರು ತಮ್ಮ ಖಾತೆಯಲ್ಲಿ 900 ಯೂರೋ, ಅಂದರೆ ಸುಮಾರು 80 ಸಾವಿರ ರೂಪಾಯಿ, ಇದೆ ಅಂದರು. ಆಗ ಅವರು ದೇಶದ ನಂಬರ್ ಒನ್. ಆ ವರ್ಷ ಅಲ್ಲಿಯವರೆಗೆ 24 ಟೂರ್ನಿ ಆಡಿ ಸುಮಾರು 65 ಲಕ್ಷ ಗಳಿಸಿದ್ದರು. 65 ಲಕ್ಷ ಗಳಿಸಿದವನ ಹತ್ತಿರ 80 ಸಾವಿರ ಅಂದರೆ ನಿಮಗೆ ಸಿಟ್ಟು ಬರೋದು ಸಹಜ. ಆದರೆ ಒಬ್ಬ ಕೋಚನ್ನು ಜೊತೆಗಿಟ್ಟುಕೊಂಡು ವರ್ಷ ಪೂರ್ತಿ ತಿರುಗುವ ಖರ್ಚೇ 80 ಲಕ್ಷದಿಂದ ಒಂದು ಕೋಟಿ. ಫಿಸಿಯೋ ಬೇರೆ. ಮೂಗಿಗಿಂತ ಮೂಗುತಿ ಭಾರ. ಅದಕ್ಕೂ ಹಿಂದೆ ಸೊಂಟದ ಆಪರೇಷನ್ ಆಗಿ ರ‍್ಯಾಂಕು ಪಾತಾಳಕ್ಕೆ ಇಳಿದಿತ್ತು.

ನಾಲ್ಕು ತಿಂಗಳು ಕಳೆದು, 2024ರ ಜನವರಿ. ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತುಗಳನ್ನು ದಾಟಿ, ಟೂರ್ನಿಯ ಬಲಿಷ್ಠರ ಪಟ್ಟಿಯಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ನಾಗಲ್ ನೇರ ಸೆಟ್ಟುಗಳಲ್ಲಿ ಸೋಲಿಸಿದರು. 1989ರಲ್ಲಿ ಇದೇ ಟೂರ್ನಿಯಲ್ಲಿ ರಮೇಶ್ ಕೃಷ್ಣನ್ ಮ್ಯಾಟ್ಸ್ ವಿಲಾಂಡರ್ ಅವರನ್ನು ಸೋಲಿಸಿದ ಮೇಲೆ ಭಾರತದ ಯಾವ ಗಂಡಸೂ ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಾದ ಗ್ರ್ಯಾಂಡ್ ಸ್ಲಾಮ್‌ಗಳ ಸಿಂಗಲ್ಸ್‌ನಲ್ಲಿ ಶ್ರೇಯಾಂಕ ಪಡೆದವರನ್ನು ಮಣಿಸಿರಲಿಲ್ಲ. ಎರಡನೇ ಸುತ್ತು ತಲುಪಿದ್ದಕ್ಕೆ ಸಿಕ್ಕಿದ್ದು 1,80,000 ಆಸ್ಟ್ರೇಲಿಯನ್ ಡಾಲರ್, ಹತ್ತಿರ ಹತ್ತಿರ ಒಂದು ಕೋಟಿ ರೂಪಾಯಿ. ಒಂದು ವರ್ಷ ದೇಶದೇಶ ಅಲೆದದ್ದಕ್ಕಿಂತ ಮೆಲ್ಬರ್ನಿನ ಒಂದು ಟೂರ್ನಿಯಲ್ಲಿ ಜಾಸ್ತಿ. ಫೆಬ್ರುವರಿಯಲ್ಲಿ ಚೆನ್ನೈ ಚಾಲೆಂಜರ್ ಟೂರ್ನಿ ಗೆದ್ದು ಮೊದಲ 100ರೊಳಗೆ ಬಂದರು, ಜುಲೈನಲ್ಲಿ 68ಕ್ಕೇರಿದರು. 2025ರಲ್ಲಿ ಆ ಪಾಯಿಂಟುಗಳು ಉದುರಿದವು, ಮತ್ತೆ 200ರ ಆಚೆ. ನನ್ನನ್ನು ಕೇಳಿದರೆ ಟೆನಿಸ್‌ನ ದೊಡ್ಡ ಅನ್ಯಾಯ ಇರೋದು ಇಲ್ಲೇ. 100ನೇಯವನಿಗೂ 250ನೇಯವನಿಗೂ ಆಟದಲ್ಲಿ ಇರುವ ಅಂತರ ಕೂದಲೆಳೆಯಷ್ಟು, ಕೆಲವು ದಿನ ಅದೂ ಇರೋದಿಲ್ಲ. ದುಡ್ಡಿನಲ್ಲಿ ಮಾತ್ರ ಅಜಗಜಾಂತರ. ಗ್ರ್ಯಾಂಡ್ ಸ್ಲಾಮ್ ಮುಖ್ಯ ಸುತ್ತಿನ 128 ಜಾಗಗಳಲ್ಲಿ 104 ರ‍್ಯಾಂಕಿನ ಮೇಲೆ ನೇರ ಸಿಗುತ್ತವೆ. 2025ರ ವಿಂಬಲ್ಡನ್ನಿನಲ್ಲಿ ಮೊದಲ ಸುತ್ತಿನಲ್ಲೇ ಸೋತವರಿಗೂ 66 ಸಾವಿರ ಪೌಂಡ್ ಕೊಟ್ಟರು. ಆ ಗೆರೆಯ ಈಚೆಗೆ ಉಳಿದವನಿಗೆ, ಆಯೋಜಕರು ಕರೆದು ಕೊಡುವ ಕೆಲವೇ ಜಾಗಗಳಲ್ಲಿ ಒಂದು ಸಿಗದಿದ್ದರೆ, ಮೂರು ಅರ್ಹತಾ ಮ್ಯಾಚ್ ಗೆದ್ದರೆ ಮಾತ್ರ ಆ ಬಾಗಿಲು.

ಪುರುಷರ ಟೂರ್ ನಡೆಸುವ ಎಟಿಪಿಗೂ ಇದು ಅರ್ಥವಾಗಿದೆ ಅನ್ನಿಸುತ್ತದೆ. 2024ರಿಂದ ಕನಿಷ್ಠ ಆದಾಯದ ಖಾತರಿ ತಂದಿದೆ. ಶುರುವಾದ ವರ್ಷ ಮೊದಲ 100ರವರಿಗೆ 3 ಲಕ್ಷ ಡಾಲರ್, 175ರವರೆಗೆ ಒಂದೂವರೆ ಲಕ್ಷ, 250ರವರೆಗೆ 75 ಸಾವಿರ. ಬಹುಮಾನ ಅದಕ್ಕಿಂತ ಕಡಿಮೆ ಬಂದರೆ ಉಳಿದದ್ದನ್ನು ಕಟ್ಟಿಕೊಡುತ್ತಾರೆ. ಒಳ್ಳೆಯ ಕೆಲಸ. 251ನೇಯವನು ಏನು ಮಾಡಬೇಕು ಅಂತ ಮಾತ್ರ ಕೇಳಬೇಡಿ.

ಹಸಿವು ಇದ್ದಲ್ಲಿ ಕಳ್ಳರೂ ಬರುತ್ತಾರೆ. 2018ರಲ್ಲಿ ಸ್ವತಂತ್ರ ಸಮಿತಿಯೊಂದು ಟೆನಿಸ್‌ನ ಮ್ಯಾಚ್ ಫಿಕ್ಸಿಂಗ್ ಬಗ್ಗೆ ವರದಿ ಕೊಟ್ಟಿತು. ಮೂರು ಸಾವಿರಕ್ಕೂ ಹೆಚ್ಚು ಆಟಗಾರರನ್ನು ಕೇಳಿದ್ದರು, ನೂರಕ್ಕೆ ಹದಿನಾಲ್ಕಕ್ಕೂ ಜಾಸ್ತಿ ಮಂದಿ ತಮಗೆ ಫಿಕ್ಸಿಂಗ್ ನೇರವಾಗಿ ಗೊತ್ತು ಅಂದರು. ಕೆಳಗಿನ ಹಂತದ ಟೂರ್ನಿಗಳ ಪಾಯಿಂಟ್ ಪಾಯಿಂಟ್ ಸ್ಕೋರನ್ನು ಬೆಟ್ಟಿಂಗಿನವರಿಗೆ ತಲುಪುವ ಹಾಗೆ ಮಾರಿದ್ದು ಆಟವನ್ನು ನಡೆಸುವವರೇ. ಮೊದಲ ಸುತ್ತಿಗೆ 156 ಡಾಲರ್ ಕೊಟ್ಟು, ಅದೇ ಮ್ಯಾಚಿನ ಮೇಲೆ ಜಗತ್ತೆಲ್ಲ ಬಾಜಿ ಕಟ್ಟಲು ಬಿಟ್ಟು, ಆಮೇಲೆ ಹುಡುಗರಿಗೆ ನೀತಿಪಾಠ ಹೇಳೋದು ನನಗಂತೂ ನುಂಗಲಾಗದ ಮಾತು. ಆದರೂ ಬಹುಪಾಲು ಮಂದಿ ನೆಟ್ಟಗೆ ಆಡಿ, ನೆಟ್ಟಗೆ ಸೋತು ಮನೆಗೆ ಹೋಗುತ್ತಾರೆ.

ಕೆಲಸ ಮಾಡಿಕೊಂಡು ಆಡಬಾರದಾ ಅಂದಿರಿ. ಕೆಲವರು ಮಾಡುತ್ತಾರೆ. ಬೇಸಿಗೆಯಲ್ಲಿ ಜರ್ಮನಿ, ಫ್ರಾನ್ಸಿನ ಕ್ಲಬ್ ಲೀಗುಗಳಲ್ಲಿ ಆಡಿದರೆ ಸೋಲು ಗೆಲುವು ಏನೇ ಇರಲಿ ಕ್ಲಬ್ಬು ಇಷ್ಟು ಅಂತ ಕೊಡುತ್ತದೆ. ಎಷ್ಟೋ ಆಟಗಾರರ ವರ್ಷದ ಖರ್ಚು ನಡೆಯೋದೇ ಅದರಲ್ಲಿ. ಇಂಗ್ಲೆಂಡಿನ ಮಾರ್ಕಸ್ ವಿಲ್ಲಿಸ್ ಕ್ಲಬ್ಬೊಂದರಲ್ಲಿ ಮಕ್ಕಳಿಗೂ ಹಿರಿಯರಿಗೂ ಹೇಳಿಕೊಡುತ್ತಿದ್ದವರು. 2016ರಲ್ಲಿ 772ನೇ ರ‍್ಯಾಂಕಿನಿಂದ ಒಂದೊಂದೇ ಸುತ್ತು ದಾಟಿ ವಿಂಬಲ್ಡನ್ ಸೆಂಟರ್ ಕೋರ್ಟಿನಲ್ಲಿ ಫೆಡರರ್ ಎದುರು ನಿಂತರು. 0-6, 3-6, 4-6. ಆದರೆ ಇಂಥ ಕಥೆ ಎಷ್ಟು ವರ್ಷಕ್ಕೊಂದು ಬರುತ್ತದೆ ಅಂತ ನಿಮಗೇ ಗೊತ್ತು. ಪಾಯಿಂಟು ಬೇಕಾದರೆ ವಾರ ವಾರ ಊರು ಬಿಡಲೇಬೇಕು, ಅಷ್ಟು ರಜೆ ಕೊಡುವ ಆಫೀಸು ಎಲ್ಲಿದೆ?

ನಮ್ಮ ಕೊಡಗಿನ ರೋಹನ್ ಬೋಪಣ್ಣ ಸಿಂಗಲ್ಸ್‌ನಲ್ಲಿ ಮುಟ್ಟಿದ ಅತಿ ಮೇಲಿನ ಸ್ಥಾನ 213. ಅದು 2007ರಲ್ಲಿ, 27ನೇ ವಯಸ್ಸಿಗೆ. ನಿಮ್ಮ ಅಳತೆಗೋಲು ಹಿಡಿದಿದ್ದರೆ ಅವತ್ತೇ ಅವರನ್ನು ಕಾಫಿ ತೋಟಕ್ಕೆ ವಾಪಸ್ ಕಳಿಸಬೇಕಿತ್ತು. ಡಬಲ್ಸ್ ಹಿಡಿದರು, 2024ರಲ್ಲಿ 43ನೇ ವಯಸ್ಸಿಗೆ ಜಗತ್ತಿನ ನಂಬರ್ ಒನ್ ಆದರು. ಚೆನ್ನೈನ ಪ್ರಜ್ಞೇಶ್ ಗುಣೇಶ್ವರನ್ ಕಥೆ ನನಗೆ ಇನ್ನೂ ಇಷ್ಟ. ಮಂಡಿಯ ಮೂಳೆ ಬಿರುಕಿನಿಂದ ಆಡುವ ವಯಸ್ಸಿನ ವರ್ಷಗಳನ್ನೇ ಕಳೆದುಕೊಂಡವರು, 29ಕ್ಕೆ 75ನೇ ಸ್ಥಾನಕ್ಕೆ ಬಂದು, ಆ ಒಂದೇ ವರ್ಷ 2019ರಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ಗಳ ಮುಖ್ಯ ಸುತ್ತಿನಲ್ಲಿ ಆಡಿದರು. ನಾಲ್ಕರಲ್ಲೂ ಮೊದಲ ಸುತ್ತಿಗೇ ಸೋತರು. ಇದನ್ನು ಸೋಲಿನ ವರ್ಷ ಅನ್ನಲು ನನಗೆ ಬಾಯಿ ಬರೋದಿಲ್ಲ.

ಇನ್ನು ಮೊಮ್ಮಗಳು. ಮೊದಲು ಒಂದು ನಿಯಮ ತಿಳಿದುಕೊಳ್ಳಿ. 14 ತುಂಬದ ಮಕ್ಕಳಿಗೆ ವೃತ್ತಿಪರ ಟೂರ್ನಿಗಳಲ್ಲಿ ಆಡಲು ಅವಕಾಶವೇ ಇಲ್ಲ. 14 ತುಂಬಿದ ಮೇಲೂ ಹುಡುಗಿಯರಿಗೆ ವರ್ಷಕ್ಕೆ ಇಂತಿಷ್ಟೇ ಟೂರ್ನಿ ಅಂತ ಮಿತಿಯಿದೆ, ವಯಸ್ಸಾದ ಹಾಗೆ ಅದು ಸಡಿಲವಾಗುತ್ತದೆ. ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ 14 ತುಂಬುವ ಮೊದಲೇ ವೃತ್ತಿಪರ ಆಟಕ್ಕಿಳಿದು, 14ಕ್ಕೇ ಫ್ರೆಂಚ್ ಓಪನ್ ಸೆಮಿಫೈನಲ್ ಆಡಿ, ಹದಿನೇಳು ಹದಿನೆಂಟಕ್ಕೆಲ್ಲ ದಣಿದು ಆಟವನ್ನೇ ಬಿಟ್ಟಿದ್ದರು. ಆಮೇಲೆ ಈ ನಿಯಮ ಬಿಗಿಯಾಯಿತು. ಹಾಗಿರುವಾಗ 13ಕ್ಕೆ ಶಾಲೆ ಬಿಡಿಸುವ ಅವಸರ ಯಾರಿಗೆ? ಬೆಳಿಗ್ಗೆ ಸಂಜೆ ಅಭ್ಯಾಸಕ್ಕೆ ಶಾಲೆಯ ಹೊತ್ತು ಅಡ್ಡ ಬರುತ್ತಿದ್ದರೆ ಎನ್‌ಐಒಎಸ್ ಮುಕ್ತ ಶಾಲೆಯಲ್ಲಿ ಓದಿಸಬಹುದು, ಎಷ್ಟೋ ಆಟಗಾರರು ಹಾಗೆ ಓದುತ್ತಾರೆ. ಓದು ಪೂರ್ತಿ ನಿಲ್ಲಿಸೋದಕ್ಕೆ ನಾನು ಒಪ್ಪೋದಿಲ್ಲ. ಸೋಮದೇವ್ ದೇವವರ್ಮನ್ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ 2007, 2008ರಲ್ಲಿ ಕಾಲೇಜು ಚಾಂಪಿಯನ್ ಆದವರು, ಆಮೇಲೆ 62ನೇ ರ‍್ಯಾಂಕಿಗೆ ಏರಿದರು. ದೇಶದೇಶಗಳ ತಂಡಗಳು ಆಡುವ ಡೇವಿಸ್ ಕಪ್‌ನಲ್ಲಿ 2025ರಲ್ಲಿ ಸ್ವಿಟ್ಜರ್ಲೆಂಡನ್ನು ಅವರ ನೆಲದಲ್ಲೇ ಸೋಲಿಸಿ ಬಂದ ಭಾರತ ತಂಡದ ದಕ್ಷಿಣೇಶ್ವರ್ ಸುರೇಶ್ ಕೂಡ ಅಮೆರಿಕದ ಕಾಲೇಜು ಟೆನಿಸ್‌ನವರು, ಆಗ ಅವರ ರ‍್ಯಾಂಕು 600ರ ಆಚೆ. ಸ್ಕಾಲರ್‌ಶಿಪ್ಪಿನಲ್ಲಿ ಓದು, ಕೋಚು, ಕೋರ್ಟು ಎಲ್ಲ ಸಿಗುವ ದಾರಿ ಅದು. ಪಿಯುಸಿಗೆ ಸಮನಾದ ಓದು ಮುಗಿಸದವರಿಗೆ ಆ ದಾರಿಯೇ ಇಲ್ಲ.

ಕೋಚ್ ಹತ್ತಿರ ಮಗನನ್ನು ಕೂರಿಸಿ, ಮುಂದಿನ ಮೂರು ವರ್ಷಕ್ಕೆ ಎಷ್ಟಾಗುತ್ತದೆ ಅಂತ ಕಾಗದದ ಮೇಲೆ ಬರೆಸಿ. ಬಾಯಿಮಾತು ಬೇಡ. ಆ ಕಾಗದವನ್ನು ನೀವು ತಿದ್ದಿ, ನಿಮಗಿಂತ ಚೆನ್ನಾಗಿ ಯಾರು ತಿದ್ದುತ್ತಾರೆ? ಹೆಂಗಸರ ಟೂರಿನಲ್ಲಿ ಹಾಕಿದ ದುಡ್ಡು ವಾಪಸ್ ಬರಲು ಗಂಡಸರಿಗಿಂತ ಮೇಲಿನ ರ‍್ಯಾಂಕು ಬೇಕಿತ್ತು ಅನ್ನೋದನ್ನು ಮರೆಯಬೇಡಿ. ಇನ್ನೊಂದು. ಕೋಚ್ ಹೇಳಿದ್ದು, ಮಗ ಒಪ್ಪಿದ್ದು, ಸೊಸೆ ಒಪ್ಪಿದ್ದು ಎಲ್ಲ ಬರೆದಿದ್ದೀರಿ. ಹುಡುಗಿ ಏನಂತಾಳೆ ಅನ್ನೋದು ಪತ್ರದಲ್ಲಿ ಎಲ್ಲೂ ಇಲ್ಲ.

ಮುಂದಿನ ಸಲ ಬೆಂಗಳೂರು ಓಪನ್ ಟೂರ್ನಿ ಬಂದಾಗ ನೀವೂ ಮೊಮ್ಮಗಳೂ ಹೋಗಿ ಬನ್ನಿ. ಫೈನಲ್ ಬಿಡಿ, ಟಿವಿಯಲ್ಲೂ ನೋಡಬಹುದು. ಮೊದಲ ದಿನಗಳ ಅರ್ಹತಾ ಸುತ್ತು ನೋಡಿ. ಜನ ಇರೋದಿಲ್ಲ, ಕೋರ್ಟಿನ ಪಕ್ಕದಲ್ಲೇ ನಿಲ್ಲಬಹುದು. ಮ್ಯಾಚ್ ಮುಗಿದ ಮೇಲೆ ಆಟಗಾರರು ಅಲ್ಲೇ ಕಟ್ಟೆಯ ಮೇಲೆ ಕೂತಿರುತ್ತಾರೆ. ಮಾತಾಡಿಸಿ, ಸಂಕೋಚ ಬೇಡ. ವರ್ಷದ ಖರ್ಚು ಎಷ್ಟು ಅಂತ ಮೊಮ್ಮಗಳ ಎದುರೇ ಕೇಳಿ. ಅವರಿಗೆ ಪೈಸೆ ಪೈಸೆ ಲೆಕ್ಕ ಬಾಯಲ್ಲೇ ಇರುತ್ತದೆ.