ತೋರುಬೆರಳಿಗೆ ಶೇ. 14

ಪತ್ರ: ಅಪಘಾತ ಪರಿಹಾರದ ಪ್ರಕರಣಗಳಲ್ಲಿ ಅಂಗವೈಕಲ್ಯದ ಪ್ರಮಾಣ ನಿಗದಿ ಮಾಡುವ ಮೂಳೆತಜ್ಞ ನಾನು. ನನ್ನ ಕೊಠಡಿಯಲ್ಲಿ ಕುಂಟುವವರು ಗೇಟಿನಾಚೆ ನೆಟ್ಟಗೆ ನಡೆಯುವುದನ್ನು ಕಂಡಿದ್ದೇನೆ. ಕಡಿಮೆ ಬರೆದರೆ ಕಟುಕ, ಹೆಚ್ಚು ಬರೆದರೆ ವಕೀಲರ ಏಜೆಂಟ್ ಎನ್ನುತ್ತಾರೆ. ಈ ಕೆಲಸ ಬಿಟ್ಟುಬಿಡಲೇ? (ಹೆಸರು ಬೇಡವೆಂದಿದ್ದಾರೆ)

ಡಾಕ್ಟರೇ, ನಾಟಕ ಆಡುವವರಿದ್ದಾರೆ, ಒಪ್ಪಿದೆ. ಚಿಕಿತ್ಸೆಯನ್ನೇ ಕೊಡದೆ ಉದಾರವಾಗಿ ಪ್ರಮಾಣಪತ್ರ ಗೀಚಿಕೊಡುವ ವೈದ್ಯರೂ ಇದ್ದಾರೆ. ಅವರ ಮಾತನ್ನು ಎಚ್ಚರದಿಂದ ನೋಡಿ ಎಂದು ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ನಿಮ್ಮ ದೀರ್ಘ ಪತ್ರದಲ್ಲಿ ಕೀಲು ಎಷ್ಟು ಡಿಗ್ರಿ ಮಡಚಿತು ಎಂಬುದಿದೆ, ಎಕ್ಸ್‌ರೇ ಇದೆ. ಎದುರಿಗೆ ಕುಳಿತವನು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ ಎಂಬುದು ಮಾತ್ರ ಎಲ್ಲೂ ಇಲ್ಲ.

ಹಿಂದೆ ಮುದ್ರಣಾಲಯವೊಂದರಲ್ಲಿ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ ಜೋಡಿಸುತ್ತಿದ್ದವರೊಬ್ಬರ ಬಲಗೈಯ ತೋರುಬೆರಳು ಟ್ರೆಡಲ್ ಮುದ್ರಣ ಯಂತ್ರಕ್ಕೆ ಸಿಕ್ಕಿ ಬುಡದಿಂದಲೇ ಹೋಯಿತು. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ದುಡಿಯುವ ಶಕ್ತಿಯ ನಷ್ಟ ಇಡೀ ತೋರುಬೆರಳಿಗೆ ಶೇ. 14, ಹೆಬ್ಬೆರಳಿಗೆ ಶೇ. 30 ಎಂದಿತ್ತು. ಮೊಳೆಯನ್ನು ಖಾನೆಯಿಂದ ಎತ್ತಿ, ತಲೆಕೆಳಗಾಗಿದೆಯೇ ಎಂದು ತಡವಿ ನೋಡಿ, ಎಡಗೈಯಲ್ಲಿ ಹಿಡಿದ ಸ್ಟಿಕ್ಕಿನಲ್ಲಿ (ಸಾಲು ಜೋಡಿಸುವ ತಟ್ಟೆ) ನಿಲ್ಲಿಸುವುದು ಆ ಎರಡು ಬೆರಳುಗಳ ಕೆಲಸ. ಮಧ್ಯದ ಬೆರಳಿನಿಂದ ಪ್ರಯತ್ನಿಸಿದರು. ಒತ್ತಕ್ಷರದ ಮೊಳೆಗಳು ಜಾರಿ ಜಾರಿ ನೆಲಕ್ಕೆ ಬಿದ್ದವು. ಕೊನೆಗೆ ಅದೇ ಮುದ್ರಣಾಲಯದಲ್ಲಿ ಕಾಗದದ ರೀಮು ಹೊರುವ ಕೆಲಸಕ್ಕೆ ನಿಂತರು, ಅರ್ಧ ಸಂಬಳಕ್ಕೆ. ಹದಿನಾಲ್ಕು ಎಲ್ಲಿ, ಅರ್ಧ ಎಲ್ಲಿ!

ಇದು ನನ್ನೊಬ್ಬನ ಹಟವಲ್ಲ. ಮೊಣಕೈಯಿಂದ ಮೇಲಕ್ಕೆ ಎಡಗೈ ಕಳೆದುಕೊಂಡ ಬಡಗಿಯ ನಷ್ಟ ಪೂರ್ತಿ ನೂರು ಎಂದು ಸುಪ್ರೀಂ ಕೋರ್ಟ್ 1976ರಷ್ಟು ಹಿಂದೆಯೇ ಒಪ್ಪಿತು. ಒಂದೇ ಕೈಯಲ್ಲಿ ಮರಗೆಲಸ ಸಾಧ್ಯವೇ? 2010ರಲ್ಲಿ ರಾಜ್‌ಕುಮಾರ್ ಎಂಬುವವರ ಅಪಘಾತ ಪರಿಹಾರದ ಪ್ರಕರಣದಲ್ಲಿ ಇನ್ನೂ ಬಿಡಿಸಿ ಹೇಳಿತು: ಎಡಗೈ ಹೋದರೆ ವೈಕಲ್ಯ ಸುಮಾರು ಶೇ. 60 ಎನ್ನಬಹುದು, ಆದರೆ ಚಾಲಕನ ದುಡಿಮೆಯ ನಷ್ಟ ಬಹುಮಟ್ಟಿಗೆ ನೂರು, ಸರ್ಕಾರಿ ಗುಮಾಸ್ತನ ನೌಕರಿ ಉಳಿಯಲೂಬಹುದು. ದುಡಿಮೆಯ ನಷ್ಟ ಅಳೆಯುವುದು ನ್ಯಾಯಮಂಡಳಿಯ ಕೆಲಸ, ವೈದ್ಯರದ್ದಲ್ಲ ಎಂದೂ ಅಲ್ಲಿದೆ. ಅದನ್ನೇ ಹಿಡಿದು ನೀವು ಕೈತೊಳೆದುಕೊಳ್ಳಬೇಡಿ. ಅಂಗಿಯ ಗುಂಡಿ ಹಾಕಲಾಗುತ್ತದೆಯೇ, ಮೆಟ್ಟಿಲು ಹತ್ತಲಾಗುತ್ತದೆಯೇ, ಕುಕ್ಕರಗಾಲಿನಲ್ಲಿ ಕೂರಲಾಗುತ್ತದೆಯೇ ಎಂದು ನೀವು ಬರೆಯದಿದ್ದರೆ ನ್ಯಾಯಾಧೀಶರು ಕನಸು ಕಾಣಬೇಕೇ?

ನನ್ನ ಸಿಟ್ಟು ನಿಮ್ಮೊಬ್ಬರ ಮೇಲಲ್ಲ ಬಿಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು 21ಕ್ಕೆ ಏರಿಸಿತು. ಒಳ್ಳೆಯದೇ. ಆದರೆ ಮೀಸಲಾತಿಗೆ ಶೇ. 40ರ ಗೆರೆ, 39 ಬಂದವನು ಹೊರಗೆ. ಕತ್ತರಿಸಿಹೋದ ಕಾಲು ಮತ್ತೆ ಚಿಗುರಿದೆಯೇನೋ ಎಂಬಂತೆ ಒಂದೊಂದು ಕಚೇರಿಯೂ ಹೊಸದಾಗಿ ಸಾಬೀತು ಕೇಳುತ್ತದೆ. ಪಿಂಚಣಿದಾರರು ನವೆಂಬರ್ ಬಂತೆಂದರೆ ತಾವು ಬದುಕಿದ್ದೇವೆ ಎಂದು ಪ್ರಮಾಣಪತ್ರ ಕೊಡಬೇಕು. ಕೊಡುವ ಕೈಗೆ ಮೊದಲು ಬರುವುದು ಅನುಮಾನ, ಆಮೇಲೆ ಅರ್ಜಿ ನಮೂನೆ. ಹತ್ತು ಕಳ್ಳರು ನುಸುಳಿಯಾರೆಂದು ನೂರು ಜನರನ್ನು ಬಾಗಿಲಲ್ಲಿ ನಿಲ್ಲಿಸುವುದಕ್ಕೆ ನಾವು ಶಿಸ್ತು ಎಂದು ಹೆಸರಿಟ್ಟಿದ್ದೇವೆ.

ಕೆಲಸ ಬಿಡಬೇಡಿ. ಬೈಗುಳಕ್ಕೆ ಅಂಜುವ ನೀವು ಹೋದರೆ ಆ ಕುರ್ಚಿಗೆ ಯಾವುದಕ್ಕೂ ಅಂಜದವರು ಬಂದು ಕೂರುತ್ತಾರೆ. ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ನಿಮ್ಮನ್ನು ಏನೇನು ಕೇಳುತ್ತಾರೆ ಎಂದು ಒಂದು ಲೇಖನ ಬರೆದುಕೊಡಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂ.